ನನ್ನ ಪಾಲು ತಿಂದ ಮೊಲ

ಅಥವಾ ಅದರ ಬಣ್ಣ ಬೂದಿಯೇ ಇದ್ದಿರಬಹುದು. ಅಣ್ಣ ಶರಣಪ್ಪ ಹಾಗೇ ಹೇಳುತ್ತಾನೆ, ಮತ್ತು ಮೊಲವನ್ನು ಮನೆಗೆ ತಂದವನು ಅವನು, ನಾನಲ್ಲ. ನನ್ನ ನೆನಪಿನಲ್ಲಿ ಮಾತ್ರ ಅದು ಅಚ್ಚ ಬಿಳಿ. ಅಷ್ಟು ಬೆಳ್ಳಗೆ ಯಾವ ಪ್ರಾಣಿಯೂ ಶಹಾಬಾದದಲ್ಲಿ ಉಳಿಯುವುದು ಸಾಧ್ಯವಿರಲಿಲ್ಲ. ಕಲ್ಲು ಕೊಯ್ದ ಪುಡಿ, ಸಿಮೆಂಟಿನ ಧೂಳು, ಎರಡೂ ಸೇರಿ ಬೇವಿನ ಎಲೆಯನ್ನೂ ಬೂದಿ ಮಾಡುತ್ತಿದ್ದ ಊರು ಅದು. ಬೆಳ್ಳಗಿರದಿದ್ದರೆ ಸಕ್ರಿ, ಅಂದರೆ ಸಕ್ಕರೆ, ಎಂದು ಯಾಕೆ ಕರೆದೆವು ಎಂದು ಕೇಳಿದರೆ ಅಣ್ಣ, "ಹೆಸರಿಗೇನದ, ನನಗ ಶರಣಪ್ಪ ಅಂತಾರ. ನಾ ಶರಣ ಆಗೀನೇನು?" ಎನ್ನುತ್ತಾನೆ.

ಕಾಯಿಲೆಯಿಂದ ಎದ್ದವರು ಹೇಳುವ ಕಥೆಗಳನ್ನು ನಾನು ಪೂರ್ತಿ ನಂಬುವುದಿಲ್ಲ, ನನ್ನದನ್ನೂ ಸೇರಿಸಿ. ಗುಣವಾದ ಮೇಲೆ ತಿರುಗಿ ನೋಡಿದರೆ ಎಲ್ಲವೂ ಗುಣವಾಗುವ ಕಡೆಗೇ ನಡೆದಂತೆ ಕಾಣುತ್ತದೆ. ಕಾಯಿಲೆಯ ಒಳಗಿದ್ದಾಗ ಯಾವ ಕಡೆಯೂ ಇರಲಿಲ್ಲ. ಆದರೂ ಬರೆಯುತ್ತಿದ್ದೇನೆ. ಇತ್ತೀಚೆಗೆ ಪರಿಚಯದ ಹುಡುಗಿಯೊಬ್ಬಳು ತನ್ನ ಮೊಲ ತಿನ್ನುವುದನ್ನು ಬಿಟ್ಟಿದೆ, ಅದಕ್ಕಾಗಿ ಅತ್ತರೆ ಮನೆಯವರೆಲ್ಲ ನಗುತ್ತಾರೆ ಎಂದು ಹೇಳಿಕೊಂಡಳು. ಇದು ಅವಳಿಗಾಗಿ. ನಾವೂ ಹಾಗೆ ಕೂತಿದ್ದೆವು, ಒಂದು ಬುಟ್ಟಿಯ ಮುಂದೆ, ಒಂದು ಹಿಕ್ಕೆ ಬೀಳಲಿ ಎಂದು ಕಾಯುತ್ತ.

ಮೊದಲು ಕಾಯಿಲೆ ಬಿದ್ದವಳು ನಾನು. ವಿಷಮಶೀತ ಜ್ವರ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಆಸುಪಾಸಿನ ವರ್ಷಗಳು. ನಾನು ಪಾಠ ಹೇಳುತ್ತಿದ್ದ ಪ್ರಾಥಮಿಕ ಶಾಲೆಯ ಫಲಕದ ಮೇಲೆ ಇನ್ನೂ ಮೈಸೂರೇ ಇತ್ತು. ಶ್ರಾವಣದಲ್ಲಿ ಬಂದ ಜ್ವರ ಇಳಿಯಿತು. ಇಳಿಯಿತೆಂದು ಅವ್ವ ಗುಡಿಗೆ ಕಾಯಿ ಕೊಟ್ಟು ಬಂದಳು. ದಸರೆಗೆ ಮೊದಲು ಅದೇ ಜ್ವರ ತಿರುಗಿ ಬಂತು. ಎರಡನೆಯ ಸಲ ಅದು ಇಳಿದಾಗ ಅವ್ವ ಎಲ್ಲಿಗೂ ಹೋಗಲಿಲ್ಲ, ಯಾರಿಗೂ ಹೇಳಲಿಲ್ಲ. ದಿನಕ್ಕೆ ಹಲವು ಸಲ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಒಲೆಯ ಮುಂದಿನಿಂದ ಎದ್ದು ಬಂದ ಕೈ ಬಿಸಿ ಇರುತ್ತಿತ್ತು. ಆ ಬಿಸಿ ನನ್ನದೋ ತನ್ನದೋ ತಿಳಿಯದೆ ಸೆರಗಿಗೆ ಕೈ ಒರೆಸಿ ಮತ್ತೊಮ್ಮೆ ಮುಟ್ಟುತ್ತಿದ್ದಳು.

ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವ್ವ, ಅಣ್ಣ, ನಾನು. ಅಣ್ಣ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕಿದ್ದ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ಒಂದು ಕುಟುಂಬಕ್ಕೆ ವರ್ಗವಾಯಿತು, ಅವರ ಮಕ್ಕಳು ಸಾಕಿದ್ದ ಮೊಲವನ್ನು ಯಾರಾದರೂ ಒಯ್ಯಿರಿ ಎಂದರಂತೆ. ಅಣ್ಣ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದು ನನ್ನ ಹಾಸಿಗೆಯ ಮೇಲೆ ಬಿಟ್ಟ.

"ತಗೋ ನೀಲಾ. ನಿನ್ನಂಗೇ ಮೂಲ್ಯಾಗ ಕುಂದರ್ತದ, ಮಾತಾಡಂಗಿಲ್ಲ. ಇಬ್ಬರಿಗೂ ಛಂದ ಹೊಂದ್ತದ."

ಅವ್ವ ಮೊದಲು ಮುಖ ಸಿಂಡರಿಸಿದಳು. ಆಮೇಲೆ ಅದು ಮುಂಗಾಲೆತ್ತಿ ಮೂಗು ಅಲ್ಲಾಡಿಸುವುದನ್ನು ನೋಡಿ, "ಹಸದದ ಪಾಪ" ಎಂದಳು. ಅವ್ವನ ಲೋಕದಲ್ಲಿ ಪ್ರಾಣಿಯೋ ಮನುಷ್ಯನೋ ಬಾಗಿಲಿಗೆ ಬಂದರೆ ಮೊದಲ ಪ್ರಶ್ನೆ ಅದೇ. ನನಗೆ ಗಂಜಿ, ಸಾಬೂದಾನಿ, ಹಾಲು ಬಿಟ್ಟು ಬೇರೇನೂ ಕೊಡುವಂತಿರಲಿಲ್ಲ. ಕೊಡಲಾಗದ ಎಲ್ಲ ಪ್ರೀತಿಯನ್ನೂ ಅವಳು ಮೊಲಕ್ಕೆ ತಿನ್ನಿಸತೊಡಗಿದಳು. ರೊಟ್ಟಿಯ ಚೂರು, ಕಡಲೆಬೇಳೆ, ಬೆಲ್ಲ, ಒಮ್ಮೆ ರವೆಯ ಸಜ್ಜಕ. ಸಕ್ರಿ ಯಾವುದನ್ನೂ ಬೇಡ ಎನ್ನಲಿಲ್ಲ. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೆ ಅದು ಪಡಸಾಲೆಯ ನುಣುಪು ಕಲ್ಲಿನ ಮೇಲೆ ಜಾರುತ್ತ ಓಡಿ ಬರುತ್ತಿತ್ತು, ನಿಲ್ಲಲಾಗದೆ ಅವ್ವನ ಕಾಲಿಗೆ ಬಡಿಯುತ್ತಿತ್ತು. ನಾನು ಕಾಯಿಲೆಯ ನಂತರ ಮೊದಲ ಸಲ ನಕ್ಕದ್ದು ಆಗಲೇ ಎಂದು ಅವ್ವ ಹೇಳುತ್ತಿದ್ದಳು. ನನಗೆ ಆ ನಗು ನೆನಪಿಲ್ಲ.

ಒಂದೇ ವಿಷಯದಲ್ಲಿ ಅವ್ವನಿಗೂ ಮೊಲಕ್ಕೂ ಜಗಳ. ಬೆಳಗಿನ ಜಾವ ಅದು ಬಾಗಿ ತನ್ನ ಹೊಟ್ಟೆಯ ಕೆಳಗಿನಿಂದ ಮೆತ್ತನೆಯ ಹಿಕ್ಕೆಯನ್ನು ಬಾಯಲ್ಲೇ ತೆಗೆದು ನುಂಗುತ್ತಿತ್ತು. ಅದನ್ನು ಕಂಡ ದಿನ ಅವ್ವ ಪೂಜೆಗೆ ಕೂತಿದ್ದವಳು ಎದ್ದೇ ಬಂದಳು. "ಮುಂಜಾನೆದ್ದು ಇದೇನು ಹೇಸಿ ಕೆಲಸ. ಇಷ್ಟು ಹಾಕ್ತೀನಿ, ಸಾಲಂಗಿಲ್ಲೇನು ನಿನಗ?" ಅಂದಿನಿಂದ ಬೆಳಗಾಗುವ ಮೊದಲೇ ಎದ್ದು ಅದರ ಹಿಂದೆ ಕೂತು, ಬೀಳುವುದನ್ನು ಬೀಳುವಾಗಲೇ ತೆಗೆದು ಹೊರಗೆ ಎಸೆಯತೊಡಗಿದಳು. ನಮ್ಮಲ್ಲಿ ಯಾರಿಗೂ ಅದು ತಪ್ಪು ಎಂದು ಅನಿಸಲಿಲ್ಲ.

ನಂತರ ಎಳ್ಳಮಾಸಿ ಬಂತು. ನಮ್ಮ ಸೀಮೆಯಲ್ಲಿ ಆ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಅಡುಗೆ ಕಟ್ಟಿಕೊಂಡು ಹೋಗಿ ಮೊದಲು ಭೂಮಿಗೆ ಅದರ ಪಾಲನ್ನು ಚರಗವೆಂದು ಚೆಲ್ಲಿ, ಆಮೇಲೆ ಬೆಳೆಯ ನಡುವೆ ಕೂತು ಉಣ್ಣಬೇಕು. ಕಾಗಿಣಾ ದಂಡೆಯ ಕಡೆ ನಮ್ಮದೊಂದು ಸಣ್ಣ ಹೊಲವಿತ್ತು. ಅಣ್ಣ ಬಂಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಕೂರಿಸಿದ, ತೊಡೆಯ ಮೇಲೆ ಸಕ್ರಿಯ ಬುಟ್ಟಿ. ಅವತ್ತು ಮನೆಯಲ್ಲಿ ಜೀವ ಇರುವ ಯಾವುದನ್ನೂ ಉಪವಾಸ ಬಿಡಬಾರದು.

ಅವ್ವ ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಹಾಕಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿದ ಭಜ್ಜಿ, ಕಡುಬು, ಶೇಂಗಾ ಹೋಳಿಗೆ. ನನ್ನ ಪಾಲನ್ನೂ ಹಾಕಿದಳು. ಮನೆಯಲ್ಲಿದ್ದವಳಿಗೆ ಪಾಲು ಹಾಕದಿರುವುದು ಅಪಶಕುನ. ಹಾಕಿದ ಮೇಲೆ ಮೂವರೂ ಅದನ್ನು ನೋಡುತ್ತ ಕೂತೆವು. ನಾನು ತಿನ್ನುವಂತಿಲ್ಲ. ಹಾಕಿದ ಪಾಲು ತಿರುಗಿ ಬುಟ್ಟಿಗೆ ಹೋಗುವಂತಿಲ್ಲ. ಬೇರೆಯವರು ಉಂಡರೆ ನನ್ನ ಪಾಲು ಅವರು ಕಸಿದಂತೆ.

"ಸಕ್ರಿಗಿ ಹಾಕು," ಎಂದ ಅಣ್ಣ. "ಅದೇನು ಹೊರಗಿಂದೇನು? ನೀಲಾನ ಹಾಸಿಗ್ಯಾಗೇ ಮಲಗ್ತದ."

ಅವ್ವನ ಮುಖ ಹಗುರಾಯಿತು. ಕಡುಬು ಮುರಿದು, ಹೋಳಿಗೆ ಪುಡಿ ಮಾಡಿ, ಒಂದೊಂದೇ ತುತ್ತು ಅದರ ಬಾಯಿಗೆ ಹಿಡಿದಳು. ಸಕ್ರಿ ನನ್ನ ಎಳ್ಳಮಾಸಿಯನ್ನು ಪೂರ್ತಿ ಉಂಡಿತು. ತಿಂದ ಮೇಲೆ ಮೀಸೆಗೆ ಅಂಟಿದ ಎಳ್ಳನ್ನು ಮುಂಗಾಲಿನಿಂದ ಒರೆಸಿಕೊಂಡಿತು. ಇದು ಮಾತ್ರ ನಿಜ ಎಂದು ಆಣೆ ಮಾಡಬಲ್ಲೆ.

ಮರುದಿನ ಅದು ಮೂಲೆ ಬಿಟ್ಟು ಬರಲಿಲ್ಲ. ಬೆಲ್ಲದ ಡಬ್ಬಿಯ ಸದ್ದಿಗೂ ಬರಲಿಲ್ಲ. ಬೆನ್ನು ಗೂನು ಮಾಡಿ, ಕಣ್ಣು ಅರೆ ಮುಚ್ಚಿ, ಹಲ್ಲು ಕಟಕಟ ಕಡಿಯುತ್ತ ಕೂತಿತ್ತು. ನೆಲದ ಮೇಲೆ ಒಂದೂ ಹಿಕ್ಕೆ ಇರಲಿಲ್ಲ. ಗುಡಿಸಿ ಗುಡಿಸಿ ಬೇಸತ್ತಿದ್ದ ಅವ್ವ ಆ ಖಾಲಿ ನೆಲವನ್ನು ನೋಡಿ ಕಸಬರಿಗೆ ಕೆಳಗಿಟ್ಟಳು.

"ಅಜೀರ್ಣ ಆಗ್ಯಾದ. ಲಂಘನ ಹಾಕಿದ್ರ ಇಳೀತದ."

ನಮ್ಮ ಮನೆಯಲ್ಲಿ ಹೊಟ್ಟೆಯ ಎಲ್ಲ ಬೇನೆಗೂ ಅದೇ ಔಷಧ. ಹೊಟ್ಟೆ ಕೆಟ್ಟರೆ ಹೊಟ್ಟೆಗೆ ಹಾಕಬಾರದು, ಅಜವಾನದ ನೀರು ಬಿಟ್ಟು. ಅಪ್ಪನಿಗೂ ಹಾಗೇ ಮಾಡಿದ್ದರು, ನಮಗೂ ಹಾಗೇ, ನನ್ನ ಜ್ವರದಲ್ಲೂ ಹಾಗೇ. ಅವ್ವ ಬುಟ್ಟಿಯಲ್ಲಿದ್ದ ಹುಲ್ಲನ್ನೂ ತೆಗೆದಳು. ಮೊಲ ಸುಮ್ಮನೆ ಕೂತಿತು. ಹಸಿವೆಯಿಂದ ನರಳಿದ್ದರೆ ಬಹುಶಃ ಯಾರಾದರೂ ಕೊಡುತ್ತಿದ್ದೆವು. ಅದು ಬೇಡಲೇ ಇಲ್ಲ. ಸಂಜೆಗೆ ಅದರ ಕಿವಿ ಮುಟ್ಟಿ ನೋಡಿದೆ. ತಣ್ಣಗಿತ್ತು, ನೆಲದ ಕಲ್ಲಿನಷ್ಟೇ.

ಬೆಳಗಾದ ಮೇಲೂ ಹಿಕ್ಕೆ ಇಲ್ಲ. ನಮ್ಮೂರ ದನದ ಡಾಕ್ಟರು ಹಬ್ಬಕ್ಕೆ ಊರಿಗೆ ಹೋದವರು ಬಂದಿರಲಿಲ್ಲ. ಚಿತ್ತಾಪುರಕ್ಕೆ ಒಯ್ಯುತ್ತೇನೆ ಎಂದೆ. ಅಣ್ಣ ಕೆಲಸಕ್ಕೆ ಹೊರಟು ನಿಂತಿದ್ದ.

"ಮೊಲಕ್ಕ ರೈಲ್ವೆ ತಿಕೀಟೇನು?" ಎಂದ. ಆಮೇಲೆ ನನ್ನ ಮುಖ ನೋಡಿ ಜೇಬಿಗೆ ಕೈ ಹಾಕಿ ಚಿಲ್ಲರೆ ಕೊಟ್ಟ. "ಯವ್ವ, ನೀನೂ ಹೋಗು. ಇಬ್ಬರೂ ಅರ್ಧಜೀವ, ಯಾರು ಯಾರನ್ನ ಎತ್ತಕೋಬೇಕು?"

ಶಹಾಬಾದದಿಂದ ಚಿತ್ತಾಪುರಕ್ಕೆ ಹೋಗಲು ವಾಡಿಯಲ್ಲಿ ಗಾಡಿ ಬದಲಿಸಬೇಕು. ವಾಡಿ ಎಂದರೆ ಕಾಯುವ ಊರು. ಎಲ್ಲ ದಿಕ್ಕಿನ ಗಾಡಿಗಳೂ ಅಲ್ಲಿಗೆ ಬರುತ್ತವೆ, ನಿಮ್ಮದೊಂದು ಬಿಟ್ಟು. ಬೆಂಚಿನ ಮೇಲೆ ನಾನು, ಅವ್ವ, ನಡುವೆ ಹಳೆಯ ಸೀರೆಯ ತುಂಡು ಮುಚ್ಚಿದ ಬುಟ್ಟಿ. ನಾನು ಆಗಾಗ ಸೀರೆಯ ಒಳಗೆ ಕೈ ಹಾಕಿ ಉಸಿರಾಡುತ್ತಿದೆಯೇ ನೋಡುತ್ತಿದ್ದೆ. ಅವ್ವ ಹಳಿಗಳ ಕಡೆ ನೋಡುತ್ತ ಹೇಳಿದಳು:

"ಹ್ವಾದ್ರ ಹೋಗ್ಲಿ ಬಿಡು ನೀಲಾ. ಭಾಳ ಹಚ್ಚಿಕೋಬ್ಯಾಡ."

ನಾನು ಬುಟ್ಟಿಯ ಮೇಲಿನ ಸೀರೆಯ ತುಂಡನ್ನು ಸರಿಮಾಡಿದೆ.

"ನಿನ್ನ ಪಾಲು ತಿಂದದ ಅದು. ಪಾಲಿನ ಜೋಡಿ ನಿನ್ನ ಬ್ಯಾನೀನೂ ತಿಂದದ. ಎರಡು ಸಲ ಹೊಳ್ಳಿ ಬಂದ ಜ್ವರ, ಈಗ ಹ್ಯಾಂಗ ಗಪ್ಪಾಗ್ಯಾದ ನೋಡು."

"ಎರಡು ಸಲ ಅಲ್ಲ, ಒಂದೇ ಸಲ ಹೊಳ್ಳಿ ಬಂದದ್ದು."

"ಎಣಿಸ್ಕೋತ ಕುಂದರಬ್ಯಾಡ. ನಾ ಹೇಳೋದು ಏನಂದ್ರ, ಇದು ಉಳೀಬೇಕಂದ್ರ, ತಿಂದದ್ದು ಎಲ್ಲಿಗಿ ಹೋಗಬೇಕು? ಹೊಳ್ಳಿ ನಿನ್ನ ಕಡೀಗೇ ಬರ್ತದ."

"ಹಂಗಂತ ತಿಳದಾಕಿ ಯಾಕ ಬಂದಿ ನನ್ನ ಜೋಡಿ?"

"ನೀ ಒಬ್ಬಾಕಿ ಎಲ್ಲೆರೆ ಚಕ್ಕರ್ ಬಂದು ಬಿದ್ದರ?" ಎಂದಳು ಅವ್ವ. ಆಮೇಲೆ, "ಬುಟ್ಟಿ ನೆರಳಿಗಿ ಸರಸು, ಬಿಸಲ ಬಡೀಲಿಕತ್ತದ" ಎಂದಳು.

ಅವಳ ತರ್ಕವನ್ನು ನಾನು ನಂಬಲಿಲ್ಲ ಎಂದು ಬರೆಯುವುದು ಸುಲಭ. ಪಾಠ ಹೇಳುವವಳು ನಂಬಬಾರದು. ಆದರೆ ಆ ಬೆಂಚಿನ ಮೇಲೆ, ಬಿಸಿಲಲ್ಲಿ, ನನ್ನ ಹಣೆಯನ್ನು ನಾನೇ ಒಮ್ಮೆ ಮುಟ್ಟಿ ನೋಡಿಕೊಂಡೆ.

ಚಿತ್ತಾಪುರದ ದನದ ದವಾಖಾನೆಯಲ್ಲಿ ಕೂರಲು ಜಾಗವಿರಲಿಲ್ಲ, ಬೇವಿನ ಮರದ ಬುಡವಿತ್ತು. ನಮಗಿಂತ ಮುಂಚೆ ಒಂದು ಎಮ್ಮೆ, ಅದರ ಹಗ್ಗ ಹಿಡಿದ ಮುದುಕ. ಅವನು ಬುಟ್ಟಿಯನ್ನೇ ನೋಡುತ್ತಿದ್ದ.

"ಏನ್ ತಂದೀರಿ ಯಕ್ಕ, ಕೋಳೀನೇನು?"

"ಲಿಂಗವಂತರ ಬುಟ್ಟ್ಯಾಗ ಕೋಳಿ ಯಾಕ ಇರ್ತದರಿ? ಮೊಲ," ಎಂದಳು ಅವ್ವ.

"ಮೊಲಕ್ಕ ದವಾಖಾನಿ? ನಮ್ಮ ಕಡಿ ಮೊಲಕ್ಕ ಮಸಾಲಿ ಅರೀತಾರ."

"ಎಮ್ಮಿಗೂ ಅರೀಬಹುದಾಗಿತ್ತಲ್ಲ. ಇಲ್ಲೀತನ ಯಾಕ ಹೊಡಕೊಂಡು ಬಂದ್ರಿ?"

ಮುದುಕ ಬಾಯಿ ತುಂಬ ನಕ್ಕ. ನಕ್ಕು ಮುಗಿದ ಮೇಲೆ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು, ದನಿ ಇಳಿಸಿ, "ಮೊನ್ನಿಂದ ಸೆಗಣಿ ಹಾಕಿಲ್ಲರಿ" ಎಂದ.

"ನಮ್ಮದೂ ಅದೇ ಕಥಿ," ಎಂದಳು ಅವ್ವ.

ಅವನು ಸರಿದು ನೆರಳಲ್ಲಿ ಜಾಗ ಮಾಡಿಕೊಟ್ಟ. ಅಲ್ಲಿಂದ ಮುಂದೆ ಇಬ್ಬರೂ ಎಳ್ಳಮಾಸಿಯಲ್ಲಿ ಯಾರು ಏನು ತಿನ್ನಿಸಿದರು ಎಂದು ತಗ್ಗಿದ ದನಿಯಲ್ಲಿ ಮಾತಾಡಿದರು. ಅವನ ಎಮ್ಮೆಯೂ ಮಿಕ್ಕ ಕಡುಬಿನ ಬುಟ್ಟಿಗೆ ಬಾಯಿ ಹಾಕಿತ್ತಂತೆ. ಜಗತ್ತಿನಲ್ಲಿ ನಮ್ಮದೊಂದೇ ಮನೆಯಲ್ಲ ಎಂಬುದು ಎಷ್ಟು ದೊಡ್ಡ ಔಷಧ ಎಂದು ನನಗೆ ಆಗ ಗೊತ್ತಾಯಿತೋ, ಈಗ ಬರೆಯುವಾಗ ಗೊತ್ತಾಗುತ್ತಿದೆಯೋ.

ಡಾಕ್ಟರು ಚಿಕ್ಕ ವಯಸ್ಸಿನವರು, ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಬುಟ್ಟಿ ತೆರೆದು ಒಮ್ಮೆ ನೋಡಿ, ನಮ್ಮನ್ನೂ ನೋಡಿದರು.

"ಹಸು, ಎಮ್ಮೆ, ಕುರಿ ಗೊತ್ತಮ್ಮ ನಂಗೆ. ಕುದುರೆ ಒಂದೆರಡು ನೋಡಿದೀನಿ. ಮೊಲ ಓದಿದೀನಿ ಅಷ್ಟೆ. ಏನು ಹಾಕಿದ್ರಿ?"

"ಏನೂ ಹಾಕಿಲ್ಲರಿ, ಲಂಘನ ಹಾಕೀವಿ," ಎಂದಳು ಅವ್ವ.

"ಉಪವಾಸಾನಾ? ಯಾಕೆ?"

"ಹೊಟ್ಟಿ ಕೆಟ್ಟಾಗ ಉಪಾಸ ಹಾಕದೆ ಹೋಳಗಿ ಹಾಕಬೇಕೇನ್ರಿ?"

"ಹೋಳಗಿ ಹಾಕಿದ್ದಕ್ಕೇ ಕೆಟ್ಟದರಿ," ಎಂದೆ ನಾನು.

ಡಾಕ್ಟರು ನಗಲಿಲ್ಲ, ಅದಕ್ಕಾಗಿ ಅವರಿಗೆ ಇವತ್ತಿಗೂ ಋಣಿ. ಸಕ್ರಿಯ ಹೊಟ್ಟೆಗೆ ತಮ್ಮ ನಳಿಕೆ ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕಿವಿಗೆ ಕೊಟ್ಟರು. ಏನೂ ಇರಲಿಲ್ಲ. ಎಲ್ಲರೂ ಎದ್ದು ಹೋದ ಮನೆಯಂತಿತ್ತು. ಅವ್ವ ತನಗೂ ಬೇಕೆಂದಳು. ಸೆರಗು ಸರಿಸಿ, ಕಣ್ಣು ಮುಚ್ಚಿ ಕೇಳಿದಳು. "ಎಲ್ಲೋ ದೂರ ರೈಲು ಹೋದಂಗ ಆಗ್ತದ," ಎಂದಳು. ಒಳಗಿನ ಸದ್ದೋ, ಸ್ಟೇಶನ್ನಿನ ಕಡೆಯ ಗಾಡಿಯೋ, ಯಾರಿಗೆ ಗೊತ್ತು.

"ನಮ್ಮ ಹೊಟ್ಟೆ ಖಾಲಿ ಬಿಟ್ರೆ ಹಗುರಾಗತ್ತೆ," ಎಂದರು ಡಾಕ್ಟರು. "ಇದರದ್ದು ಖಾಲಿ ಬಿಟ್ರೆ ನಿಂತೇ ಹೋಗತ್ತೆ. ಸದಾ ಹುಲ್ಲು ಹೋಗ್ತಾ ಇರಬೇಕು, ಆಗಲೇ ಹಿಂದಿಂದು ಮುಂದೆ ಹೋಗೋದು. ಕಾಳು, ಬೆಲ್ಲ, ರೊಟ್ಟಿ ಎಲ್ಲ ಬಂದ್ ಮಾಡಿ. ಒಣಹುಲ್ಲು, ಗರಿಕೆ, ನೀರು. ಈಗ ಉಗುರುಬೆಚ್ಚಗಿನ ನೀರು ತೊಟ್ಟು ತೊಟ್ಟಾಗಿ ಕುಡಿಸಿ, ಹೊಟ್ಟೆ ಮೆತ್ತಗೆ ತೀಡಿ, ಓಡಾಡಿಸಿ. ಬದುಕತ್ತೆ ಅಂತ ನಾನು ಹೇಳಲ್ಲ."

ಅವ್ವ ಮುಂಜಾನೆಯ ಹೇಸಿಗೆಯ ಬಗ್ಗೆ ದೂರು ಕೊಟ್ಟಳು. ಅವರು ಪುಸ್ತಕದಲ್ಲಿ ಓದಿದ್ದನ್ನು ನೆನಪಿಸಿಕೊಳ್ಳುವಂತೆ ಸ್ವಲ್ಪ ಹೊತ್ತು ಮೇಲೆ ನೋಡಿದರು. "ಅದನ್ನ ತಡೀಬೇಡಿ ಅಮ್ಮ. ಅದು ಅದರ ಎರಡನೇ ಊಟ. ತಿಂದ್ರೇನೇ ಹೊಟ್ಟೆ ಸರಿಯಾಗಿರೋದು."

"ಶಿವನೇ," ಎಂದಳು ಅವ್ವ, ಬಹಳ ಮೆಲ್ಲಗೆ. ಇಷ್ಟು ದಿನ ಒಂದು ಜೀವದ ತಾಟನ್ನು ಮುಂದಿನಿಂದ ಎಳೆದು ಎಸೆದೆ ಎಂಬುದು ಅವಳಿಗೆ ತಾಕಿತು. ಅದು ಅವಳ ಮಟ್ಟಿಗೆ ದೊಡ್ಡ ಪಾಪ. ದವಾಖಾನೆಯ ಗೇಟಿನ ಹತ್ತಿರ ಬಾಗಿ, ಕಾಲುವೆಯ ಬದಿಯ ಗರಿಕೆಯನ್ನು ತಾನೇ ಕಿತ್ತು ಸೆರಗಿಗೆ ಹಾಕಿಕೊಂಡಳು.

ಹಿಂದಿರುಗುವಾಗ ಮತ್ತೆ ವಾಡಿ, ಮತ್ತೆ ಬೆಂಚು. ಸಕ್ರಿ ಗರಿಕೆಯನ್ನು ಮೂಸಿ ಮುಖ ತಿರುಗಿಸಿತು. ಚಹಾದ ಅಂಗಡಿಯಿಂದ ಬಿಸಿನೀರು ತಂದು ಆರಿಸಿ, ಬಟ್ಟೆಯ ತುದಿ ಅದ್ದಿ, ಹನಿಹನಿಯಾಗಿ ತುಟಿಗೆ ಬಿಟ್ಟೆ. ಅರ್ಧ ಒಳಗೆ ಹೋಯಿತು, ಅರ್ಧ ಗದ್ದದಿಂದ ಇಳಿಯಿತು. ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ.

"ಕೊಡಿಲ್ಲಿ," ಎಂದಳು ಅವ್ವ.

ಮೊಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗೈಯನ್ನು ಅದರ ಹೊಟ್ಟೆಯ ಕೆಳಗೆ ಸೇರಿಸಿದಳು. ಮುಂದಿನಿಂದ ಹಿಂದಕ್ಕೆ, ಮೆಲ್ಲಗೆ, ಮತ್ತೆ ಮುಂದಿನಿಂದ ಹಿಂದಕ್ಕೆ. ನನ್ನ ಜ್ವರದ ದಿನಗಳಲ್ಲಿ ಹೊಟ್ಟೆ ಉಬ್ಬಿದಾಗ ಹೀಗೇ ತೀಡಿದ್ದಳು. ಆ ಕೈಯ ತೂಕ ನನಗೆ ಗೊತ್ತಿತ್ತು. ಒಂದು ಗಾಡಿ ಬಂದು ಹೋಯಿತು. ಸೇಡಂ ಕಡೆಯ ಒಬ್ಬ ಹೆಂಗಸು ನಿಂತು ನೋಡಿ, ತೆಲುಗಿನಲ್ಲಿ ಏನೋ ಕೇಳಿ, ಉತ್ತರ ಬರದೆ ಹೋದಳು. ಅವ್ವ ಕೈ ನಿಲ್ಲಿಸಲಿಲ್ಲ. ತುಟಿ ಅಲುಗುತ್ತಿತ್ತು. ಜಪವೋ, ಬೇಡಿಕೆಯೋ, ಸುಮ್ಮನೆ ಬೈಗುಳವೋ ಕೇಳಿಸಲಿಲ್ಲ.

ನಡುವೆ ಎಷ್ಟು ಹೊತ್ತು ಹೋಯಿತೋ. ನಾನು ತೂಕಡಿಸಿದ್ದೆ ಎಂದು ಕಾಣುತ್ತದೆ. ಅವ್ವನ ಮೊಣಕೈ ತಿವಿದಾಗ ಕಣ್ಣು ಬಿಟ್ಟೆ.

"ನೋಡು."

ಅವಳ ಅಂಗೈಯಲ್ಲಿ ಹಿಕ್ಕೆಗಳು. ಹೆಸರುಕಾಳಿಗಿಂತ ಸಣ್ಣವು, ಮೊನಚು ತುದಿಯವು, ಒಂದಕ್ಕೊಂದು ಕೂದಲಿನಿಂದ ಪೋಣಿಸಿಕೊಂಡು ಬಂದವು. ಹೇಸಿ ಕೆಲಸ ಎಂದಿದ್ದವಳು ಅವನ್ನು ವಿಭೂತಿಯಂತೆ ಹಿಡಿದಿದ್ದಳು. ಸಕ್ರಿ ಅವಳ ತೊಡೆಯ ಮೇಲೆ ಕತ್ತು ಚಾಚಿ ಸೆರಗಿನ ಗರಿಕೆಯ ಒಂದು ಎಸಳನ್ನು ಹಿಡಿದಿತ್ತು. ಎಸಳು ತುದಿಯಿಂದ ಚಿಕ್ಕದಾಗುತ್ತ ಅದರ ಬಾಯಿಯೊಳಗೆ ಹೋಯಿತು.

ನಾನು ಅತ್ತೆನೇ? ಅಣ್ಣನಿಗೆ ಆ ಸಂಜೆ ಅತ್ತೆ ಎಂದು ಹೇಳಿದ್ದೇನಂತೆ. ನನಗೆ ನೆನಪಿರುವುದು ಬೇರೆ. ಅವ್ವ ಹಿಕ್ಕೆ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು, ಇನ್ನೊಂದು ಕೈಯನ್ನು ಸೆರಗಿಗೆ ಒರೆಸಿ, ತಡಮಾಡದೆ ನನ್ನ ಹಣೆಯ ಮೇಲಿಟ್ಟಳು. ಕೈ ತೆಗೆಯಲಿಲ್ಲ. ಶಹಾಬಾದದ ಗಾಡಿ ಬಂದು ನಿಲ್ಲುವವರೆಗೆ ತೆಗೆಯಲಿಲ್ಲ.

ಜ್ವರ ತಿರುಗಿ ಬರಲಿಲ್ಲ. ಸಕ್ರಿ ಇನ್ನೂ ಕೆಲವು ವರ್ಷ ಬದುಕಿತು. ಅಣ್ಣ ದಿನವೂ ಕೆಲಸದಿಂದ ಬರುವಾಗ ಹುಲ್ಲು ತಂದು ಹಾಕಿದ. ಎಳ್ಳಮಾಸಿಗೆ ಅದರ ಹೆಸರಿನಲ್ಲಿ ಬೇರೆ ಪಾಲು, ಒಂದು ಹಿಡಿ ಒಣಹುಲ್ಲು, ಬಾಳೆ ಎಲೆಯ ಮೇಲೆ. ಬೆಳಗಿನ ಜಾವ ಅದು ಬಾಗಿದಾಗ ಅವ್ವ ಆ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು, ಉಣ್ಣುವವರ ಬಾಯಿ ನೋಡಬಾರದು ಎನ್ನುವಂತೆ.

ಅದನ್ನು ಉಳಿಸಿದ್ದು ಯಾವುದು ಎಂದು ಹೇಳಲಾರೆ. ಬಿಸಿನೀರೋ, ರೈಲಿನ ಕುಲುಕಾಟವೋ, ಕೈಯೋ, ಅಥವಾ ಅದು ಹೇಗಿದ್ದರೂ ಉಳಿಯುವುದಿತ್ತೋ. ಇದಕ್ಕಿಂತ ದೊಡ್ಡದೊಂದು ತಿಳಿಯದೆ ಉಳಿದಿದೆ. ಅದು ಬದುಕಿದರೆ ಬೇನೆ ಮಗಳಿಗೆ ತಿರುಗಿ ಬರುತ್ತದೆ ಎಂದು ಬೆಳಗ್ಗೆ ನಂಬಿದ್ದವಳು, ಸಂಜೆ ಅದೇ ಬೆಂಚಿನ ಮೇಲೆ ಕೂತು ಅದರ ಹೊಟ್ಟೆ ತೀಡುವಾಗ ಆ ನಂಬಿಕೆಯನ್ನು ಬಿಟ್ಟಿದ್ದಳೋ, ಬಿಡದೆಯೇ ತೀಡುತ್ತಿದ್ದಳೋ ನನಗೆ ಗೊತ್ತಿಲ್ಲ. ಅವ್ವ ಇದ್ದಾಗ ಕೇಳಲಿಲ್ಲ. ಈಗ ಅವಳಿಲ್ಲ.